ಪದ್ದಣ್ಣ ಮತ್ತು ನನ್ನ ಫಿಂಜಾನ್ ಸಿದ್ಧಾಂತ

ಒಮಾನಿನಲ್ಲಿ ಕಾಫಿ ಕುಡಿಯುವುದು ಸುಲಭ; ಕುಡಿಯುವುದನ್ನು ನಿಲ್ಲಿಸುವುದೇ ಕಷ್ಟ. ಹಿಡಿಯಿಲ್ಲದ, ಅಂಗೈಯೊಳಗೆ ಅಡಗಿಹೋಗುವಷ್ಟು ಪುಟ್ಟದಾದ ಪಿಂಗಾಣಿ ಬಟ್ಟಲಿಗೆ ಇಲ್ಲಿ ಫಿಂಜಾನ್ ಎನ್ನುತ್ತಾರೆ. ಮನೆಯ ಯಜಮಾನ ಎಡಗೈಯಲ್ಲಿ ಉದ್ದ ಕೊಕ್ಕಿನ ಹೂಜಿ, ಬಲಗೈಯಲ್ಲಿ ಈ ಬಟ್ಟಲು ಹಿಡಿದು ಬಂದು, ಏಲಕ್ಕಿ ಘಮಘಮಿಸುವ ಕಹ್ವಾವನ್ನು ತಳ ಮುಚ್ಚುವಷ್ಟು ಮಾತ್ರ ಸುರಿದು ಕೊಡುತ್ತಾನೆ. ನೀವು ಅದನ್ನು ಗುಟುಕರಿಸಿ, ಸಭ್ಯತೆಯಿಂದ ಬಟ್ಟಲನ್ನು ಹಿಂದಿರುಗಿಸಲು ಕೈ ಚಾಚಿದಿರೋ, ಕೆಟ್ಟಿರಿ. ಅವನು ಅದನ್ನು 'ಇನ್ನಷ್ಟು' ಎಂದೇ ಭಾವಿಸಿ ಮತ್ತೆ ಸುರಿಯುತ್ತಾನೆ. ಬೇಡವೆನ್ನುವುದಕ್ಕೆ ಬಾಯಿ ಸಾಲದು. ಬಟ್ಟಲನ್ನು ಎರಡು ಬೆರಳ ನಡುವೆ ಹಿಡಿದು ಎಡಕ್ಕೂ ಬಲಕ್ಕೂ ಸ್ವಲ್ಪ ಅಲ್ಲಾಡಿಸಬೇಕು. ಈ ಗುಟ್ಟು ತಿಳಿಯದೆ, ಬಂದ ಹೊಸದರಲ್ಲಿ ನಾನು ಮೇಲಧಿಕಾರಿಯೊಬ್ಬರ ಮನೆಯಲ್ಲಿ ಮರ್ಯಾದೆಗೆ ಅಂಜಿ ಕುಡಿಯುತ್ತಲೇ ಹೋದೆ. ಮೈಸೂರಿನ ಮನುಷ್ಯನಿಗೆ ಕಾಫಿಯೇ ಶತ್ರುವಾಗಿ ಕಂಡ ಏಕೈಕ ಸಂದರ್ಭ ಅದು.

ಅಂದಿನ ಅವಮಾನದಿಂದ ಹುಟ್ಟಿದ್ದು ನನ್ನ ಜೀವಮಾನದ ಏಕಮಾತ್ರ ಸ್ವತಂತ್ರ ಚಿಂತನೆ. ಅದನ್ನು ನಾನು ಮನಸ್ಸಿನಲ್ಲೇ 'ಫಿಂಜಾನ್ ಸಿದ್ಧಾಂತ' ಎಂದು ನಾಮಕರಣ ಮಾಡಿಕೊಂಡಿದ್ದೇನೆ. ಅದನ್ನು ವಿವರಿಸುವ ಮೊದಲು ನನ್ನ ಪರಿಚಯವೂ ಆಗಲಿ. ನಾನು ಸಮುದ್ರದ ನೀರಿನಿಂದ ಉಪ್ಪು ತೆಗೆಯುವ ಸ್ಥಾವರವೊಂದರಲ್ಲಿ ಎಂಜಿನಿಯರು. ಇಷ್ಟು ವರ್ಷ ಉಪ್ಪು ತೆಗೆದೂ ತೆಗೆದೂ ನನ್ನ ಮಾತಿನಲ್ಲಿಯೂ ಅದು ಉಳಿದಿಲ್ಲವೆಂಬುದು ನನ್ನ ಹೆಂಡತಿ ಸುಮಂಗಲೆಯ ಖಚಿತ ಅಭಿಪ್ರಾಯ. ನಮ್ಮ ವಾಸ ಮಸ್ಕತ್ತಿನ ವಾದಿ ಕಬೀರಿನಲ್ಲಿ, ಕೆಳಗಿನ ಬೀದಿಯ ಗ್ಯಾರೇಜುಗಳವರು ಬೆಳಗಿನಿಂದ ಸಂಜೆಯವರೆಗೆ ತಗಡು ಬಡಿಯುವ ಸದ್ದನ್ನು ನಾದಬ್ರಹ್ಮವೆಂದು ಒಪ್ಪಿಕೊಂಡರೆ ಬಾಡಿಗೆ ಕಡಿಮೆಯೆನಿಸುವ ಒಂದು ಫ್ಲಾಟಿನಲ್ಲಿ.

ಈ ಫ್ಲಾಟಿಗೆ ಒಂದು ದಿನ ಆಫ್ರಿಕಾ ಬಂತು, ರಟ್ಟಿನ ಪೆಟ್ಟಿಗೆಯೊಂದರಲ್ಲಿ. ಕೆಲಸ ಬಿಟ್ಟು ಊರಿಗೆ ಹೊರಟಿದ್ದ ಘಾನಾ ದೇಶದ ಸಹೋದ್ಯೋಗಿಯೊಬ್ಬರು, ವಿಮಾನದ ತೂಕದ ಮಿತಿಗೆ ಹೆದರಿ ತಮ್ಮ ಕಾದಂಬರಿಗಳನ್ನೆಲ್ಲ ನನಗೆ ಕೊಟ್ಟುಹೋದರು. ಸುಮ್ಮನೆ ಕೈಗೆತ್ತಿಕೊಂಡವನು ಅವುಗಳಲ್ಲಿ ಮುಳುಗಿಯೇಹೋದೆ. ಪರಕೀಯರ ಬಾವುಟ ಇಳಿದು ಸ್ವಂತ ಬಾವುಟ ಏರಿದ ನಾಡುಗಳ ಆ ಕಥೆಗಳಲ್ಲಿ ಬೇರೆ ಬೇರೆ ಹೆಸರಿನಿಂದ ಒಬ್ಬನೇ ಮನುಷ್ಯ ನನಗೆ ಮತ್ತೆ ಮತ್ತೆ ಎದುರಾಗುತ್ತಿದ್ದ. ಮೊದಲ ಅಧ್ಯಾಯಗಳಲ್ಲಿ ಅವನು ಧೂಳಿನ ರಸ್ತೆಯಲ್ಲಿ ನಡೆದು ಬರುತ್ತಾನೆ, ಗಟ್ಟಿಯಾಗಿ ನಗುತ್ತಾನೆ, ಸಂತೆಯ ಹೆಂಗಸಿನ ಹೆಗಲ ಮೇಲೆ ಕೈಯಿಟ್ಟು ಅವಳ ತಾಯಿಯ ಕಾಯಿಲೆಯನ್ನು ವಿಚಾರಿಸುತ್ತಾನೆ. ಸಂತೆಗೆ ಸಂತೆಯೇ ಅವನ ಹಿಂದೆ ಹೊರಡುತ್ತದೆ. ಕೊನೆಯ ಅಧ್ಯಾಯಗಳಲ್ಲಿ ಅವನ ಭಾವಚಿತ್ರವಿಲ್ಲದ ಗೋಡೆಯಿರುವುದಿಲ್ಲ, ಅವನನ್ನು ಹೊಗಳದ ನಾಲಿಗೆ ಮನೆಗೆ ಮರಳುವುದಿಲ್ಲ, ಅದೇ ಸಂತೆಯ ಹೆಂಗಸು ಅವನ ಕಾರು ಬಂದರೆ ಅಂಗಡಿಯ ಬಾಗಿಲು ಹಾಕಿಕೊಳ್ಳುತ್ತಾಳೆ. ಆ ಲೇಖಕರ ಸಿಟ್ಟು ಅವನೊಬ್ಬನ ಮೇಲೆ ಮಾತ್ರ ಇದ್ದಿದ್ದರೆ ನನಗೆ ಇಷ್ಟು ಹುಚ್ಚು ಹಿಡಿಯುತ್ತಿರಲಿಲ್ಲ. ಅವರು ಹಿಂದೆ ಹೊರಟ ಸಂತೆಯನ್ನೂ ಬಿಡಲಿಲ್ಲ. ಅಂಥವನನ್ನು ಪ್ರೀತಿಸುವುದು ಎಷ್ಟು ಸುಖವಾಗಿತ್ತೆಂಬುದನ್ನೂ ಮುಚ್ಚಿಡಲಿಲ್ಲ.

ನನ್ನ ಸಿದ್ಧಾಂತ ಇಷ್ಟೇ: ವರ್ಚಸ್ಸೆಂಬುದು ಕಹ್ವಾದಂತೆ, ಜನ ತಾವಾಗಿಯೇ ಸುರಿಯುತ್ತಾರೆ, ಸುರಿಯುವುದೇ ಅವರಿಗೆ ಸಂತೋಷ, ನಾಯಕ ಹಾಳಾಗುವುದು ಕುಡಿದದ್ದರಿಂದಲ್ಲ, ಬಟ್ಟಲು ಅಲ್ಲಾಡಿಸಲು ಮರೆತದ್ದರಿಂದ. ಹೇಗಿದೆ? ಹೇಳಿ, ಸಂಕೋಚ ಬೇಡ. ಇದನ್ನು ಒಂದು ದಿನ ತುಂಬಿದ ಸಭೆಯಲ್ಲಿ ಮಂಡಿಸಿ, ಜನ ಒಂದು ಕ್ಷಣ ಮೌನವಾಗಿ, ಆಮೇಲೆ ತಲೆದೂಗುವುದನ್ನು ನೋಡಬೇಕೆಂಬುದು ನನ್ನ ಬಹುಕಾಲದ ಆಸೆ. ಆ ಆಸೆಗೆ ಅಡ್ಡ ಬಂದವರು ಪದ್ದಣ್ಣ.

ಪದ್ದಣ್ಣ ಎಂದರೆ ಪದ್ಮನಾಭ ಶೆಟ್ಟರು. ಕಾಪು ಕಡೆಯವರು, ಹವಾನಿಯಂತ್ರಣ ಯಂತ್ರಗಳ ಬಿಡಿಭಾಗಗಳ ವ್ಯಾಪಾರಿ, ನಗರದ ಆ ತುದಿಯ ಸೀಬ್‌ನಲ್ಲಿ ಮನೆ. ನಾನು ಕಟ್ಟಿದ ಓದುಬಳಗಕ್ಕೆ ಅವರು ಕೊನೆಯಲ್ಲಿ ಬಂದು ಸೇರಿದವರು. ತಿಂಗಳಿಗೊಂದು ಶುಕ್ರವಾರ ನನ್ನ ಮನೆಯ ಹಜಾರದಲ್ಲಿ ಸೇರಿ, ಒಂದು ಪುಸ್ತಕದ ಬಗ್ಗೆ ಮಾತಾಡಿ, ಸುಮಂಗಲೆ ಮಾಡಿದ ಉಪ್ಪಿಟ್ಟನ್ನು ತಿಂದು ಚದುರುವ ಸಾತ್ವಿಕ ಸಂಸ್ಥೆ ನಮ್ಮದು. ಪದ್ದಣ್ಣ ಬಂದ ಮೊದಲ ದಿನವೇ ಬಾಗಿಲಲ್ಲಿ ನಿಂತು, "ನಾನು ಪುಸ್ತಕ ಓದ್ಲಿಲ್ಲ ಮಾರಾಯ್ರೆ, ಸುಳ್ಳು ಯಾಕೆ ಹೇಳ್ಬೇಕು? ನೀವೆಲ್ಲ ಹೇಳಿ, ನಾನು ಕೇಳ್ತೇನೆ" ಎಂದು ಘೋಷಿಸಿ ನಕ್ಕರು. ಎಲ್ಲರೂ ನಕ್ಕರು. ಓದದೆ ಬರುವುದನ್ನು ನಿಷೇಧಿಸುವ ನಿಯಮವನ್ನು ಬರೆದವನು ನಾನೇ, ಆದರೂ ನೋಡಿ, ನಾನೂ ನಕ್ಕೆ. ಅದೇ ಮಾತನ್ನು ನಾನು ಹೇಳಿದ್ದರೆ ಬಳಗದ ಶಿಸ್ತಿನ ಬಗ್ಗೆ ಒಂದು ಗಂಟೆ ಚರ್ಚೆಯಾಗುತ್ತಿತ್ತು.

ಅವರ ಶಕ್ತಿಯ ರಹಸ್ಯ ನನಗೆ ಗೊತ್ತಾಗಲು ಕೆಲವು ತಿಂಗಳು ಹಿಡಿಯಿತು. ಅದು ಅವರ ಕಾರಿನಲ್ಲಿತ್ತು. ನಮ್ಮ ಬಳಗದ ಬಹುಪಾಲು ಸದಸ್ಯರು ಸೀಬಿನಿಂದ ಈಚೆಗೆ ಹೆದ್ದಾರಿಯುದ್ದಕ್ಕೂ ಚೆದುರಿಕೊಂಡವರು. ಪದ್ದಣ್ಣನ ಏಳು ಆಸನಗಳ ಕಾರು ಆ ದಾರಿಯುದ್ದಕ್ಕೂ ಒಬ್ಬೊಬ್ಬರನ್ನೇ ಹತ್ತಿಸಿಕೊಂಡು ಬರುತ್ತಿತ್ತು. ಒಳಗೆ ಕಡಲೆಯ ಪೊಟ್ಟಣ, ಚಕ್ಕುಲಿಯ ಡಬ್ಬಿ, ತುಳುವಿನಲ್ಲಿ ಅರ್ಧ, ಕನ್ನಡದಲ್ಲಿ ಅರ್ಧ ಹರಟೆ. ಹಿಂದಿನ ಸೀಟಿನವರು ಕಥೆ ಹೇಳುವುದು, ಪದ್ದಣ್ಣ 'ಹೌದಾ? ಮತ್ತೆ ಅವಳು ಎಂಥ ಮಾಡಿದ್ಳು?' ಎಂದು ಸ್ಟೀರಿಂಗ್ ಹಿಡಿದೇ ಕೇಳುವುದು. ಹೀಗೆ, ವಾದಿ ಕಬೀರಿನ ನನ್ನ ಮನೆಯ ಮೆಟ್ಟಿಲು ಹತ್ತುವ ಹೊತ್ತಿಗೆ ಕಾದಂಬರಿಯ ಇತ್ಯರ್ಥವಾಗಿಬಿಟ್ಟಿರುತ್ತಿತ್ತು. ನಾನು ಟಿಪ್ಪಣಿಗಳನ್ನು ಜೋಡಿಸಿಕೊಂಡು ಕೂತಿದ್ದರೆ ಅವರು ಯಾವುದೋ ನಗೆಯ ಕೊನೆಯ ತುಣುಕನ್ನು ಒರೆಸಿಕೊಳ್ಳುತ್ತ ಒಳಬರುತ್ತಿದ್ದರು. ಏನೆಂದು ಕೇಳಿದರೆ, 'ಅದು ಕಾರಲ್ಲಿ ಆದದ್ದು ಸಾರ್' ಎನ್ನುತ್ತಿದ್ದರು. ನನ್ನ ಆಫ್ರಿಕಾದ ಯಾವ ಕಾದಂಬರಿಕಾರನೂ ಅಧಿಕಾರದ ಕೇಂದ್ರವನ್ನು ಏಳು ಆಸನದ ಕಾರಿನಲ್ಲಿ ಇಟ್ಟಿರಲಿಲ್ಲವಾದ್ದರಿಂದ ನಾನು ಅದನ್ನು ಗುರುತಿಸುವುದು ತಡವಾಯಿತು.

ನನಗೆ ಹೊಟ್ಟೆಕಿಚ್ಚಾಯಿತು. ಇದನ್ನು ಅಸಮಾಧಾನ, ಬೇಸರ, ತಾತ್ತ್ವಿಕ ಭಿನ್ನಾಭಿಪ್ರಾಯ ಎಂದೆಲ್ಲ ನಾನು ಸುತ್ತಿ ಬಳಸಿ ಹೇಳಿಕೊಂಡಿದ್ದೇನೆ. ಆದರೆ ನಿಮ್ಮೊಡನೆ ಮುಚ್ಚುಮರೆ ಏಕೆ? ಅದು ಶುದ್ಧವಾದ ಹೊಟ್ಟೆಕಿಚ್ಚು. ಅವರ ನಗು ಕೇಳಿದರೆ ಕಿವಿ ಬಿಸಿಯಾಗುತ್ತಿತ್ತು. ಅವರು ಗಡ್ಡ ಕೆರೆದುಕೊಳ್ಳುವ ರೀತಿಯೂ ನನ್ನ ಕೈಗೆ ಬಾರದ ಒಂದು ಕಲೆಯಾಗಿ ಕಾಣುತ್ತಿತ್ತು. ಮನೆಯವರಾದರೂ ನನ್ನ ಪಕ್ಷದಲ್ಲಿದ್ದರೇ? ಪದ್ದಣ್ಣ ಬರುವ ಶುಕ್ರವಾರ ಉಪ್ಪಿಟ್ಟಿಗೆ ಗೋಡಂಬಿ ಬೀಳುತ್ತಿತ್ತು. ಒಮ್ಮೆ ನಾನು, ಈ ಮನುಷ್ಯನಲ್ಲಿ ಏನಿದೆ, ಒಂದು ಪುಟ ಓದಿದವನಲ್ಲ ಎಂದು ಗೊಣಗಿದಾಗ ಸುಮಂಗಲೆ ಈರುಳ್ಳಿ ಹೆಚ್ಚುತ್ತಲೇ, "ಅಯ್ಯೋ, ಅವ್ರು ಬಂದ ತಕ್ಷಣ ನನ್ನ ಮಾತಾಡಿಸ್ತಾರೆ ಕಣ್ರೀ. ನೀವು ಆ ದೇಶದ ಅಧ್ಯಕ್ಷ ಎಷ್ಟು ಜನಾನ ಜೈಲಿಗೆ ಹಾಕ್ದ ಅಂತ ಹೇಳ್ತೀರಿ" ಎಂದಳು. ಹತ್ತನೆಯ ತರಗತಿಯ ಮಗಳು ಮೊಬೈಲಿನಿಂದ ತಲೆ ಎತ್ತದೆ, "ಅಪ್ಪಾ, ಯು ಆರ್ ಜಸ್ಟ್ ಜೆಲಸ್" ಎಂದು ತೀರ್ಪು ಬರೆದಳು. ಇಂಗ್ಲಿಷಿನಲ್ಲಿ ಕೇಳಿದಾಗ ಅದು ನನಗೆ ಇನ್ನಷ್ಟು ನಿಜವೆನಿಸಿತು.

ಬಳಗದ ವಾರ್ಷಿಕ ಸಭೆ ಹತ್ತಿರ ಬಂತು. ನಮ್ಮ ಕಟ್ಟಡದ ಮಾಲೀಕರಾದ ಅಬು ಸಾಲಿಂ ಎಂಬ ಹಿರಿಯರು, ಸೀಬಿನಲ್ಲಿರುವ ತಮ್ಮ ಮನೆಯ ಮಜ್ಲಿಸ್, ಅಂದರೆ ಅತಿಥಿಗಳ ದೊಡ್ಡ ಕೋಣೆಯನ್ನು, ವರ್ಷಕ್ಕೊಮ್ಮೆ ನಮಗೆ ಬಿಟ್ಟುಕೊಡುತ್ತಿದ್ದರು; ಅಂದು ಸದಸ್ಯರ ಮನೆಮಂದಿ, ಸ್ನೇಹಿತರು ಎಲ್ಲ ಸೇರಿ ಕೋಣೆ ತುಂಬುತ್ತಿತ್ತು. ಹಿಂದಿನ ವರ್ಷ ಅಲ್ಲಿ ನಾನು ಆಫ್ರಿಕಾದ ಬರ ಮತ್ತು ಬರಹದ ಬಗ್ಗೆ ಉಪನ್ಯಾಸ ಕೊಟ್ಟಿದ್ದೆ. ಶುರುವಾದ ಸ್ವಲ್ಪ ಹೊತ್ತಿಗೆ ಒಬ್ಬರು, ಕಾರು ಅಡ್ಡ ನಿಲ್ಲಿಸಿದ್ದೇನೆ, ತೆಗೆದು ಬರುತ್ತೇನೆಂದು ಎದ್ದರು, ಆಮೇಲೆ ಇನ್ನೊಬ್ಬರು. ನನ್ನ ಉಪನ್ಯಾಸ ಮುಗಿಯುವಾಗ ಕೋಣೆಯೊಳಗಿದ್ದವರೆಲ್ಲ ಕಾರಿಲ್ಲದವರು. ಈ ವರ್ಷದ ವಿಷಯ 'ಆಫ್ರಿಕಾದ ಕಾದಂಬರಿಗಳಲ್ಲಿ ನಾಯಕ ಮತ್ತು ಅಧಿಕಾರ' ಎಂದು ನಾನೇ ಸೂಚಿಸಿದೆ. ಫಿಂಜಾನ್ ಸಿದ್ಧಾಂತಕ್ಕೆ ಮುಹೂರ್ತ ಕೂಡಿಬಂತೆಂದು ಒಳಗೊಳಗೇ ಹಿಗ್ಗಿದೆ. ಬಳಗದ ವಾಟ್ಸಾಪ್ ಗುಂಪು ವಿಷಯವನ್ನು ಒಂದು ಹೆಬ್ಬೆರಳೂ ತಪ್ಪದಂತೆ ಎಲ್ಲ ಹೆಬ್ಬೆರಳುಗಳಿಂದಲೂ ಒಪ್ಪಿತು. ಮರುದಿನ ತೀರ್ಮಾನವೂ ಬಂತು: 'ಸಾರ್ ವಿಷಯ ಕೊಡಲಿ, ಪದ್ದಣ್ಣ ಮಾತಾಡಲಿ.'

ಆ ರಾತ್ರಿ ಊಟ ಸೇರಲಿಲ್ಲ ಎಂದರೆ ಉತ್ಪ್ರೇಕ್ಷೆ. ಸೇರಿತು, ಆದರೆ ರುಚಿಸಲಿಲ್ಲ. ಯೋಚಿಸಿ ನೋಡಿ: ವರ್ಚಸ್ವಿ ನಾಯಕನ ಬಗ್ಗೆ ನಾನು ಓದಿರುವಷ್ಟು ಈ ಮರುಭೂಮಿಯಲ್ಲಿ ಇನ್ನೊಬ್ಬ ಓದಿರಲಾರ. ಅವನು ಹೇಗೆ ಬರುತ್ತಾನೆ, ಜನ ಹೇಗೆ ಕರಗುತ್ತಾರೆ, ವಿದ್ಯಾವಂತನಾದವನು ಹೇಗೆ ಮೂಲೆಯಲ್ಲಿ ನಿಂತು ಹಲ್ಲು ಕಡಿಯುತ್ತಾನೆ, ಎಲ್ಲವೂ ನನಗೆ ಪುಟಸಂಖ್ಯೆ ಸಮೇತ ಗೊತ್ತು. ಆದರೂ ಅವನು ಏಳು ಆಸನದ ಕಾರಿನಲ್ಲಿ ಬಂದು ನನ್ನ ವಿಷಯವನ್ನು ನನ್ನ ಕೈಯಿಂದಲೇ ತೆಗೆದುಕೊಂಡು ಹೋಗುವಾಗ ನಾನು ವಾಟ್ಸಾಪಿನಲ್ಲಿ ಹೆಬ್ಬೆರಳು ಎತ್ತಿದ್ದೆ.

ಸಭೆಯ ದಿನ ಪದ್ದಣ್ಣ ತಮ್ಮ ಮನೆಯ ಪಕ್ಕದಲ್ಲೇ ನಡೆಯುವ ಸಭೆಗೆ ಹೋಗಲು, ಅಷ್ಟು ದೂರದಿಂದ ವಾದಿ ಕಬೀರಿಗೆ ಬಂದರು, ನಮ್ಮನ್ನು ಕರೆದೊಯ್ಯಲು. ಸುಮಂಗಲೆ, ಮಗಳು ಹಿಂದೆ ಕೂತರು. ನನಗೆ ಮುಂದಿನ ಸೀಟು. ಹೆದ್ದಾರಿ ಹತ್ತಿದ ಮೇಲೆ ಪದ್ದಣ್ಣ, "ಈಗ ಕತೆ ಹೇಳಿ ಸಾರ್. ಎಂಥ ಮಾತಾಡ್ಬೇಕು ಅಂತ ನನಗೆ ಇನ್ನೂ ಗೊತ್ತಿಲ್ಲ" ಎಂದರು. ಹೇಳುವ ಮನಸ್ಸಿರಲಿಲ್ಲ. ಆದರೆ ಆ ಮನುಷ್ಯ ಕೇಳುವ ರೀತಿಯೇ ಒಂದು ಬಲೆ. ಕಣ್ಣು ರಸ್ತೆಯ ಮೇಲಿದ್ದರೂ ಮೈಯೆಲ್ಲ ಕಿವಿಯಾಗುತ್ತದೆ. ನೀವು ಹೇಳುವುದನ್ನು ಜಗತ್ತಿನಲ್ಲಿ ಈವರೆಗೆ ಯಾರೂ ಹೇಳಿಲ್ಲವೆನ್ನುವಂತೆ 'ಛೇ!' ಎನ್ನುತ್ತಾರೆ, 'ಪಾಪ!' ಎನ್ನುತ್ತಾರೆ. ನಾನು ಧೂಳಿನ ರಸ್ತೆಯಿಂದ ಶುರುಮಾಡಿ, ಸಂತೆಯ ಹೆಂಗಸು, ಅವಳ ತಾಯಿಯ ಕಾಯಿಲೆ, ಬಾವುಟ ಏರಿದ ದಿನದ ಕುಣಿತ, ಗೋಡೆಯ ಭಾವಚಿತ್ರ, ಮುಚ್ಚಿದ ಅಂಗಡಿಯವರೆಗೆ ಎಲ್ಲವನ್ನೂ ಸುರಿದುಬಿಟ್ಟೆ. ಮಾತಿನ ಭರದಲ್ಲಿ, ನನ್ನ ತಾಯಿಗೂ ಮಂಡಿನೋವು, ಮೈಸೂರಿನಲ್ಲಿ ಅಣ್ಣನ ಮನೆಯಲ್ಲಿದ್ದಾರೆ, ಮೆಟ್ಟಿಲು ಹತ್ತಲಾಗದು ಎಂಬುದನ್ನೂ ಹೇಳಿದೆ. ಏಕೆ ಹೇಳಿದೆನೋ ನನಗೇ ತಿಳಿಯದು. ನನ್ನ ಹೆಂಡತಿ ನಾನು ಹೇಳಿದ ಕಥೆಗೆ ಹಿಂದಿನ ಸೀಟಿನಲ್ಲಿ ನಕ್ಕದ್ದು ಅದೇ ಮೊದಲು. ಒಂದನ್ನು ಮಾತ್ರ ನಾನು ಹೇಳಲಿಲ್ಲ. ಫಿಂಜಾನ್ ಸಿದ್ಧಾಂತ ನಾಲಿಗೆಯ ತುದಿಯವರೆಗೆ ಬಂದಿತ್ತು. ಬಾಯಿಗೆ ಬೀಗ ಹಾಕಿಕೊಂಡೆ. ಎಲ್ಲ ಕೊಟ್ಟರೂ ಅದೊಂದು ನನ್ನದಾಗಿರಲಿ, ಇಂದು ಇವರ ಮಾತು ಸೊರಗಿದಾಗ ಎದ್ದು ನಿಂತು ಹೇಳುತ್ತೇನೆಂದು ಲೆಕ್ಕ ಹಾಕಿದ್ದೆ.

ಮಜ್ಲಿಸಿನಲ್ಲಿ ಮಾತು ಸೊರಗಲಿಲ್ಲ. ಪದ್ದಣ್ಣ ನನ್ನ ಕಾದಂಬರಿಗಳನ್ನೆಲ್ಲ ಕಲಸಿ ಒಂದೇ ಮಾಡಿದರು. ಘಾನಾದ ಸಂತೆಯಲ್ಲಿ ಕೀನ್ಯಾದ ಹೆಂಗಸು ಮೀನು ಮಾರಿದಳು. ಅವಳ ಮೀನು, ವಾಸನೆಯ ಮೇಲೆ ಹೇಳುವುದಾದರೆ, ಕಾಪು ಕಡಲಿನದು. ಮಂತ್ರಿಗಳಿಗೆ ಬಳಗದ ಸದಸ್ಯರ ಹೆಸರುಗಳು ಬಂದವು, ಹೆಸರು ಬಂದವರು ಚಕ್ರವರ್ತಿಗಳಂತೆ ಬೀಗಿದರು. ನಾನು ಮೊಣಕೈಯಿಂದ ಸುಮಂಗಲೆಯನ್ನು ತಿವಿದು ತಪ್ಪುಗಳನ್ನು ಪಟ್ಟಿ ಮಾಡಲು ನೋಡಿದೆ. ಅವಳು ನನ್ನ ಕೈಯನ್ನು ತೆಗೆದು ನನ್ನ ತೊಡೆಯ ಮೇಲೆಯೇ ಇಟ್ಟಳು. ಒಂದು ಕಾರೂ ಅಡ್ಡ ನಿಂತಿರಲಿಲ್ಲ. ಆಮೇಲೆ ಪದ್ದಣ್ಣ, ನಾಯಕ ಸಂತೆಗೆ ಬಂದ ಎನ್ನುತ್ತ ತಾವೇ ಜನರ ನಡುವೆ ಇಳಿದು ಬಂದರು. ನೆಲದ ದಿಂಬುಗಳಿಗೆ ಒರಗಿ ಕೂತವರ ಕೈಗಳನ್ನು ಒಂದೊಂದಾಗಿ ಕುಲುಕುತ್ತ, ನಿಮ್ಮ ಮಗುವಿನ ಜ್ವರ ಬಿಟ್ಟಿತಾ, ನಿಮ್ಮ ವೀಸಾದ ಕಾಗದಕ್ಕೆ ಕಫೀಲ್ ಸಹಿ ಹಾಕಿದನಾ, ಎಂದು ಕೇಳುತ್ತ ಹೋದರು. ನಾನು ಇದನ್ನೆಲ್ಲ ಕಾದಂಬರಿಯಲ್ಲಿ ಓದಿದವನು. ಯಂತ್ರದ ಒಳಗಿನ ಹಲ್ಲುಚಕ್ರಗಳೂ ಗೊತ್ತಿದ್ದವನು. ಬರುವ ದಾರಿಯಲ್ಲಿ ಇದನ್ನು ಅವರಿಗೆ ಕಲಿಸಿದವನೂ ನಾನೇ. ನಗುತ್ತ ಕಾದು ಕೂತೆ. ಅವರು ನನ್ನ ಮುಂದೆ ಕೂತು, ಎರಡೂ ಕೈಗಳಲ್ಲಿ ನನ್ನ ಕೈ ಹಿಡಿದು, ದನಿ ತಗ್ಗಿಸಿ, "ಅಮ್ಮನ ಮಂಡಿನೋವು ಈಗ ಹೇಗುಂಟು ಸಾರ್? ಮೆಟ್ಟಿಲು ಹತ್ತಲಿಕ್ಕೆ ಆಗುದಿಲ್ಲ ಅಲ್ವಾ?" ಎಂದರು. ನನ್ನ ಕಣ್ಣು ಮಂಜಾಯಿತು. ಮಾತು ಮುಗಿದಾಗ ಮೊದಲು ಚಪ್ಪಾಳೆ ತಟ್ಟಿದ ಕೈಗಳು ನನ್ನವು, ಮತ್ತು ಅವುಗಳನ್ನು ತಡೆಯುವುದು ನನ್ನ ಕೈಯಲ್ಲಿರಲಿಲ್ಲ.

ಹಲ್ವಾ, ಖರ್ಜೂರದ ತಟ್ಟೆಗಳು ಸುತ್ತು ಹೊರಟವು. ಅಬು ಸಾಲಿಂ ಹೂಜಿ ಹಿಡಿದು ತಾವೇ ಎದ್ದರು. ಈ ನಾಡಿನಲ್ಲಿ ಮೊದಲ ಫಿಂಜಾನ್ ಸಲ್ಲುವುದು ಸಭೆಯ ಅತ್ಯಂತ ಗೌರವಾನ್ವಿತನಿಗೆ. ಈ ಬಳಗವನ್ನು ಕಟ್ಟಿದವನು, ಅವರ ಕಟ್ಟಡದಲ್ಲಿ ತಿಂಗಳು ತಪ್ಪದೆ ಬಾಡಿಗೆ ಕೊಡುವವನು ನಾನು; ಬೆನ್ನು ನೆಟ್ಟಗೆ ಮಾಡಿ ಕೂತೆ. ಅವರು ನೇರವಾಗಿ ಪದ್ದಣ್ಣನ ಬಳಿಗೆ ಹೋದರು. ಪದ್ದಣ್ಣ ಬಟ್ಟಲನ್ನು ತೆಗೆದುಕೊಂಡು, ತುಟಿಗೆ ಒಯ್ಯದೆ, ಮೂರು ಜನರನ್ನು ದಾಟಿ ಬಂದು ನನ್ನ ಕೈಗಿಟ್ಟು, "ಕತೆ ಸಾರ್‌ದು, ನಾನು ಬರೀ ಡ್ರೈವರ್" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಮತ್ತೆ ಚಪ್ಪಾಳೆ. ನನಗಾಗಿಯೆಂದು ನೀವು ತಿಳಿದಿದ್ದರೆ ನೀವು ಸಜ್ಜನರು; ಅದು ಕೊಟ್ಟವನಿಗೆ ಬಿದ್ದ ಚಪ್ಪಾಳೆ. ಔದಾರ್ಯವನ್ನು ತೋರಬೇಕಾದರೂ ಮೊದಲ ಬಟ್ಟಲು ನಮಗೆ ಸಿಕ್ಕಿರಬೇಕು, ಮತ್ತು ಅದು ನನಗೆ ಎಂದೂ ಸಿಗಲಾರದು ಎಂಬ ಸತ್ಯ ಬಿಸಿ ಕಹ್ವಾದ ಜೊತೆ ನನ್ನ ಅಂಗೈಯನ್ನು ಸುಟ್ಟಿತು.

ಎಲ್ಲರಿಗೂ ಸುರಿದ ಮೇಲೆ ಅಬು ಸಾಲಿಂ ಹೂಜಿಯೊಡನೆ ನನ್ನ ಪಕ್ಕದಲ್ಲಿ ಬಂದು ಕೂತರು. ಬಾಲ್ಯವನ್ನು ಆಫ್ರಿಕಾದ ಜಾಂಜಿಬಾರ್ ದ್ವೀಪದಲ್ಲಿ ಕಳೆದವರು ಅವರು, ಸ್ವಾಹಿಲಿ ಬಲ್ಲವರು, ನಮ್ಮೊಡನೆ ಹಿಂದಿಯಲ್ಲಿ ಮಾತಾಡುವವರು. ನನ್ನ ಬಟ್ಟಲನ್ನು ತುಂಬುತ್ತ, "ಬಾತ್ ನಹೀ ಸಮ್ಝಾ, ಆದ್ಮೀ ಸಮಝ್ ಗಯಾ" ಎಂದರು. ಅವರಿಗೆ ಕನ್ನಡದ ಒಂದು ಮಾತೂ ತಿಳಿದಿರಲಿಲ್ಲ. ಪದ್ದಣ್ಣ ಎಂಥ ಮನುಷ್ಯರೆಂಬುದು ಮಾತ್ರ ಅವರಿಗೆ ಪೂರ್ತಿ ತಿಳಿದಿತ್ತು. ಆಮೇಲೆ, ಯಾರ ಹೆಸರನ್ನೂ ಹೇಳದೆ, ತಮ್ಮ ಬಾಲ್ಯದ ರೇಡಿಯೋವೊಂದರ ನೆನಪನ್ನು ತೆಗೆದರು. ಒಂದು ದನಿ ಅದರಲ್ಲಿ ಬರುತ್ತಿತ್ತಂತೆ. ಆ ದನಿ ಬಂದರೆ ತಾಯಿ ಒಲೆಯ ಮೇಲಿನ ಪಾತ್ರೆಯನ್ನು ಇಳಿಸಿ ಬಂದು ಕೂರುತ್ತಿದ್ದರಂತೆ. ಆ ದನಿ ಇವರಂಥ ಅರಬರು ಈ ದ್ವೀಪದವರಲ್ಲ ಎನ್ನತೊಡಗಿದಾಗಲೂ, ಅದು ಎಷ್ಟು ಚೆನ್ನಾಗಿತ್ತೆಂದರೆ, ಮನೆಯಲ್ಲಿ ಯಾರೂ ರೇಡಿಯೋ ಆರಿಸಲಿಲ್ಲ. "ಹಮ್ ಲೋಗ್ ಭೀ ತಾಲೀ ಬಜಾಯಾ" ಎಂದು, ನಾವೂ ಚಪ್ಪಾಳೆ ತಟ್ಟಿದೆವೆಂದು, ಅವರು ಎರಡು ಕೈಗಳನ್ನು ಸದ್ದಾಗದಂತೆ ಕೂಡಿಸಿ ತೋರಿಸಿದರು. "ಬಾದ್ ಮೇ ಜಹಾಜ್ ಮೇ ಬೈಠಾ." ಆಮೇಲೆ ಹಡಗು ಹತ್ತಿದೆವು. ಅವರ ತಾಯಿ ಮಸ್ಕತ್ತಿಗೆ ಬಂದ ಮೇಲೂ ಆ ದನಿ ಚೆನ್ನಾಗಿತ್ತೆಂದೇ ಹೇಳುತ್ತಿದ್ದರಂತೆ.

ನನ್ನ ರಟ್ಟಿನ ಪೆಟ್ಟಿಗೆಯ ಎಲ್ಲ ಕಾದಂಬರಿಗಳೂ ಸೇರಿ ಹೇಳಿದ್ದನ್ನು ಅವರು ಒಂದು ಫಿಂಜಾನ್ ತುಂಬುವ ಹೊತ್ತಿನಲ್ಲಿ ಹೇಳಿ ಮುಗಿಸಿದ್ದರು. ನಾನು ಏನಾದರೂ ಹೇಳಬೇಕಿತ್ತು. ಅದುಮಿಟ್ಟಿದ್ದ ನನ್ನ ಸಿದ್ಧಾಂತಕ್ಕೆ ಇದಕ್ಕಿಂತ ತಕ್ಕ ಶ್ರೋತೃ, ತಕ್ಕ ಜಾಗ ಸಿಗುತ್ತಿರಲಿಲ್ಲ. ಕೈಯಲ್ಲಿ ಉದಾಹರಣೆಯೂ ಸಿದ್ಧವಾಗಿತ್ತು. ಆದರೆ ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಹಡಗು, ಆ ತಾಯಿ ನನ್ನ ಎದೆಯನ್ನು ತಾಗಿದ ಮರುಕ್ಷಣವೇ ನನ್ನೊಳಗಿನ ಕಿಚ್ಚು ಕೇಳಿದ್ದು ಬೇರೆಯದನ್ನೇ: ಇವರು 'ಆದ್ಮೀ ಸಮಝ್ ಗಯಾ' ಎಂದದ್ದು ನನ್ನ ಬಗ್ಗೆ ಏಕಾಗಲಿಲ್ಲ?

ಅತ್ತ ಪದ್ದಣ್ಣ, ಅಂತೂ ತಮ್ಮ ಪಾಲಿಗೆ ಬಂದ ಒಂದೇ ಒಂದು ಫಿಂಜಾನನ್ನು ಮುಗಿಸಿ, ಮಾತಿನ ನಡುವೆಯೇ, ಏನೂ ಯೋಚಿಸದೆ, ಎರಡು ಬೆರಳುಗಳಲ್ಲಿ ಅದನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ ತಟ್ಟೆಯಲ್ಲಿಟ್ಟರು. ಸುಮಂಗಲೆ ದೂರದಿಂದ, ಸಾಕು ಮಾಡಿ, ಆಮೇಲೆ ನಿದ್ದೆ ಬರಲ್ಲ ಎಂಬಂತೆ ನನಗೆ ಕಣ್ಸನ್ನೆ ಮಾಡುತ್ತಿದ್ದಳು. ಅಬು ಸಾಲಿಂ ಹೂಜಿ ಎತ್ತಿ, "ಖಲಾಸ್?" ಎಂದರು.

ನನ್ನ ಕೈಯಲ್ಲಿದ್ದದ್ದು ಸಭೆಯ ಮೊದಲ ಫಿಂಜಾನ್. ಬಂದದ್ದು ಯಾರ ಕೈಯಿಂದಾದರೂ ಆಗಲಿ, ಈಗ ನನ್ನ ಕೈಯಲ್ಲಿತ್ತು. ಒಮಾನಿಗೆ ಬಂದ ಹೊಸದರಲ್ಲಿ ಅಲ್ಲಾಡಿಸಬೇಕೆಂಬುದು ನನಗೆ ಗೊತ್ತಿರಲಿಲ್ಲ. ಈಗ ಚೆನ್ನಾಗಿ ಗೊತ್ತಿತ್ತು. ಬಟ್ಟಲನ್ನು ಸ್ವಲ್ಪವೂ ಅಲುಗದಂತೆ ಹಿಡಿದು, ಕೈಯನ್ನು ಮುಂದೆ ಚಾಚಿದೆ.